ಅಲಾಸ್ಕಾ ಹಡಗಿಗೆ ಬಟ್ಟೆ ತುಂಬುವ ಮುಂಚೆ ನಮ್ಮ ಮಳೆಯಲ್ಲೊಮ್ಮೆ ನೆನೆಸಿ ನೋಡಿ

ಕೆಚಿಕನ್ ಎಂಬ ಊರಲ್ಲಿ ಹಡಗಿನಿಂದ ಇಳಿದು ಕಾಲು ಗಂಟೆ ಆಗಿತ್ತು ಅಷ್ಟೇ. ನನ್ನ ಮೈಮೇಲೆ ಬೆಂಗಳೂರಿನಲ್ಲಿ ಕೊಂಡ ಜರ್ಕಿನ್ ಇತ್ತು. ದಿಂಬಿನ ಹಾಗೆ ಉಬ್ಬಿದ್ದು. ಅದರ ಬೆಲೆ ಕೇಳಿ ನಮ್ಮ ಮನೆಯವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಮಳೆಯೇನೂ ಜೋರಾಗಿರಲಿಲ್ಲ. ನಮ್ಮ ಕಡೆ ಜಿಟಿಜಿಟಿ ಅಂತೀವಲ್ಲ, ಅಷ್ಟೇ. ಆದರೆ ಭುಜದ ಹೊಲಿಗೆಯಿಂದ ನೀರು ಒಳಗಿಳಿಯಿತು. ಒಳಗಿದ್ದ ಹತ್ತಿಯಂಥದ್ದು ನೀರು ಕುಡಿಯಿತು. ಅರ್ಧ ಗಂಟೆಯಲ್ಲಿ ಜರ್ಕಿನ್ ನೆನೆದ ಕಂಬಳಿಯಷ್ಟು ಭಾರವಾಯಿತು. ಕಂಬಳಿಯಾದರೂ ನೆನೆದ ಮೇಲೂ ಸ್ವಲ್ಪ ಬೆಚ್ಚಗಿರುತ್ತೆ. ಇದಕ್ಕೆ ಅದೂ ಗೊತ್ತಿಲ್ಲ.

ಪಕ್ಕದಲ್ಲಿ ಮನೆಯವರು ತೋಟಕ್ಕೆ ಹಾಕಿಕೊಂಡು ಹೋಗುವ ಹಳೇ ರೈನ್‌ಕೋಟಿನಲ್ಲಿ ಆರಾಮಾಗಿ ನಿಂತಿದ್ದರು. ಒಳಗೆ ಒಂದು ತೆಳು ಸ್ವೆಟರ್. “ಏನೇ, ನಡುಗ್ತಾ ಇದೀಯಲ್ಲೇ?” ಅಂದರು. ನಾನು ಉತ್ತರ ಕೊಡಲಿಲ್ಲ. ಆ ಜರ್ಕಿನ್ ಪೂರ್ತಿ ಒಣಗಲು ಮೂರು ದಿನ ಬೇಕಾಯಿತು. ಏಳು ರಾತ್ರಿಯ ಪ್ರವಾಸದಲ್ಲಿ ಮೂರು ದಿನ!

ನಾವಿರುವುದು ಚಿಕ್ಕಮಗಳೂರಿನಲ್ಲಿ, ತೋಟ ಮೂಡಿಗೆರೆ ಕಡೆ. ಮಗಳು, ಅಳಿಯ ಸಿಯಾಟಲ್‌ನಲ್ಲಿದ್ದಾರೆ. ಈಗ ಈ ಕಡೆಯ ಎಷ್ಟೋ ಮನೆಗಳ ಕಥೆ ಇದೇ ಅಲ್ವಾ. ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ, ಒಂದು ಹಡಗಿನ ಪ್ರವಾಸ ಬುಕ್ ಮಾಡುತ್ತಾರೆ, “ಬೆಚ್ಚಗಿನ ಬಟ್ಟೆ ತನ್ನಿ” ಅಂತ ಒಂದು ಮಾತು ಹೇಳಿ ಫೋನ್ ಇಡುತ್ತಾರೆ. ಆ ಒಂದು ಮಾತು ನಂಬಿ ನಾನು ಕೆಟ್ಟೆ. ವಾಪಸ್ ಬಂದ ಮೇಲೆ ಹಾಸನ, ಸಕಲೇಶಪುರದ ನೆಂಟರು ನಾಲ್ಕಾರು ಜನ ಫೋನ್ ಮಾಡಿ “ಏನೇನು ತಗೊಂಡು ಹೋಗಬೇಕು?” ಅಂತ ಕೇಳಿದರು. ಎಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಸರಿಯಾಗಿ ಬರೆದಿಟ್ಟಿದ್ದೇನೆ.

ಮೊದಲು ಹವಾಮಾನ ಅರ್ಥ ಮಾಡಿಕೊಳ್ಳಿ

ಅಲಾಸ್ಕಾ ಅಂದ ತಕ್ಷಣ ಹಿಮಕರಡಿ, ಮೈನಸ್ ಡಿಗ್ರಿ ಕಣ್ಣ ಮುಂದೆ ಬರುತ್ತದೆ. ಹಡಗುಗಳು ಹೋಗುವುದು ಅಲ್ಲಿಗಲ್ಲ. ಸಿಯಾಟಲ್ ಅಥವಾ ವ್ಯಾಂಕೂವರ್‌ನಿಂದ ಹೊರಟು ದಡದ ದ್ವೀಪಗಳ ನಡುವೆಯೇ ಉತ್ತರಕ್ಕೆ ಹೋಗುತ್ತವೆ. ಕೆಚಿಕನ್, ಜೂನೋ, ಸ್ಕ್ಯಾಗ್ವೇ ಸಾಮಾನ್ಯವಾಗಿ ನಿಲ್ಲುವ ಊರುಗಳು. ಮೇಯಿಂದ ಸೆಪ್ಟೆಂಬರ್‌ವರೆಗೆ ಹಡಗಿನ ಕಾಲ. ಜೂನ್, ಜುಲೈಯಲ್ಲಿ ಜೂನೋದ ಹಗಲು ಸುಮಾರು 15ರಿಂದ 18 ಡಿಗ್ರಿ, ರಾತ್ರಿ ಹತ್ತರ ಆಸುಪಾಸು. ಅಲ್ಲಿಯ ಬೇಸಿಗೆ ಮಧ್ಯಾಹ್ನ ಅಂದರೆ ನಮ್ಮ ಡಿಸೆಂಬರ್ ತಿಂಗಳ ಬೆಳಗಿನ ಜಾವ. ಹೆದರುವಂಥ ಚಳಿಯಲ್ಲ. ತೊಂದರೆ ಕೊಡುವುದು ಚಳಿಗಿಂತ ಮಳೆ, ಮಳೆಗಿಂತ ಗಾಳಿ.

ಮಳೆಯ ಲೆಕ್ಕವನ್ನು ತೋಟದವರ ಭಾಷೆಯಲ್ಲೇ ಹೇಳುತ್ತೇನೆ. ನಾವು ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ ಬರೆದಿಡುವವರು. ಮೂಡಿಗೆರೆ ಕಡೆ ವರ್ಷಕ್ಕೆ ನೂರು ಇಂಚು ಅಂದರೆ ಯಾರೂ ಹುಬ್ಬೇರಿಸಲ್ಲ. ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 150 ಇಂಚು. ಅದೂ ನಮ್ಮ ಹಾಗೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಲ್ಲ, ವರ್ಷವಿಡೀ ಹಂಚಿ ಬೀಳುತ್ತದೆ. ಊರ ಸುತ್ತ ಇರುವುದು ಟೊಂಗಾಸ್ ಎಂಬ ಮಳೆಕಾಡು, ಅಮೆರಿಕದ ಅತಿ ದೊಡ್ಡ ರಾಷ್ಟ್ರೀಯ ಅರಣ್ಯ. ಮರದ ಕಾಂಡದ ಮೇಲೆಲ್ಲ ಹಾವಸೆ ಬೆಳೆದು, ನೋಡಿದರೆ ಚಾರ್ಮಾಡಿ ನೆನಪಾಗುತ್ತದೆ. ಒಂದೇ ಸಮಾಧಾನ, ಕಾಲಿಗೆ ಜಿಗಣೆ ಹತ್ತಲ್ಲ.

ಆದರೆ ಸ್ಕ್ಯಾಗ್ವೇ ಬೇರೆ. ಬೆಟ್ಟದ ಮರೆಯಲ್ಲಿರುವ ಊರು. ಕೆಚಿಕನ್ ಮಳೆಯ ಕಾಲು ಭಾಗವೂ ಅಲ್ಲಿಲ್ಲ. ಸಕಲೇಶಪುರದಲ್ಲಿ ಕೊಡೆ ಹಿಡಿದು ಬಸ್ಸು ಹತ್ತಿ ಅರಸೀಕೆರೆಯಲ್ಲಿ ಇಳಿದರೆ ಧೂಳು ಇರುತ್ತದಲ್ಲ, ಹಾಗೇ. ಆದರೆ ಅಲ್ಲಿ ಗಾಳಿ ಜಾಸ್ತಿ. ಅಂದರೆ ಒಂದೇ ವಾರದಲ್ಲಿ ಘಟ್ಟದ ಮಳೆ, ಬಯಲಿನ ಬಿಸಿಲು, ಬೆಟ್ಟದ ತುದಿಯ ಗಾಳಿ ಮೂರೂ ಸಿಗುತ್ತವೆ. ಕೆಲವು ಸಲ ಒಂದೇ ದಿನದಲ್ಲಿ. ಕೆಚಿಕನ್‌ನವರು ಮಳೆಗೆ ತಮಾಷೆಯಾಗಿ ‘ನೀರಾದ ಬಿಸಿಲು’ ಅನ್ನುತ್ತಾರೆ.

ತಿಂಗಳೂ ಮುಖ್ಯ. ಆ ಕರಾವಳಿಯಲ್ಲಿ ಮೇ, ಜೂನ್‌ನಲ್ಲಿ ಮಳೆ ಕಡಿಮೆ, ಆದರೆ ಮೇನಲ್ಲಿ ಚಳಿ ಉಳಿದಿರುತ್ತದೆ. ಜುಲೈ ಎಲ್ಲಕ್ಕಿಂತ ಬೆಚ್ಚಗೆ. ಆಗಸ್ಟ್ ಕಳೆಯುತ್ತಿದ್ದ ಹಾಗೆ ಮಳೆ ಏರುತ್ತದೆ, ಸೆಪ್ಟೆಂಬರ್‌ನಲ್ಲಿ ಜೋರು. ಟಿಕೆಟ್ ಸೆಪ್ಟೆಂಬರ್‌ಗೆ ಅಗ್ಗ ಸಿಕ್ಕಿತು ಅಂತ ಖುಷಿಪಡುವವರು ಮಳೆ ಪ್ಯಾಂಟಿಗೆ ಎರಡು ಕಾಸು ಎತ್ತಿಡಿ. ಹೊರಡುವ ವಾರ ಫೋನಿನಲ್ಲಿ ಆ ಮೂರೂ ಊರಿನ ಮುನ್ಸೂಚನೆ ನೋಡಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಟಿ.ವಿ., ಹಡಗಿನ ಬೋರ್ಡು ಎಲ್ಲ ಫ್ಯಾರನ್‌ಹೀಟ್‌ನಲ್ಲಿ ಇರುತ್ತದೆ. 50 ಅಂದರೆ ನಮ್ಮ 10, 68 ಅಂದರೆ 20. ಇವೆರಡು ನೆನಪಿದ್ದರೆ ಸಾಕು.

ದಪ್ಪದ್ದು ಒಂದಲ್ಲ, ತೆಳ್ಳಗಿನವು ಮೂರು

ನನ್ನ ತಪ್ಪು ಇಲ್ಲೇ ಆಗಿದ್ದು. ಚಳಿ, ಮಳೆ, ಗಾಳಿ ಮೂರಕ್ಕೂ ಒಂದೇ ದಪ್ಪ ಜರ್ಕಿನ್ ಸಾಕು ಅಂದುಕೊಂಡೆ. ಮೂರಕ್ಕೂ ಬೇರೆ ಬೇರೆ ಬಟ್ಟೆ ಬೇಕು, ಮೂರೂ ತೆಳ್ಳಗಿರಬೇಕು, ಒಂದರ ಮೇಲೊಂದು ಹಾಕುವಂತಿರಬೇಕು.

ಮೈಗೆ ಅಂಟಿಕೊಂಡಿರುವುದು ಥರ್ಮಲ್, ಅಂದರೆ ಚಳಿಗೆ ಹಾಕುವ ಒಳಬಟ್ಟೆ. ಉಣ್ಣೆಯದಾದರೆ ಒಳ್ಳೆಯದು, ಪಾಲಿಯೆಸ್ಟರ್‌ನದೂ ನಡೆಯುತ್ತದೆ. ಹತ್ತಿಯದು ಬೇಡ. ಬೆವರು, ಮಳೆ ಎರಡನ್ನೂ ಹತ್ತಿ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ ಹತ್ತಿ ಮೈಯ ಬಿಸಿಯನ್ನು ಎಳೆದು ಹಾಕುತ್ತದೆ. ವರ್ಷವೆಲ್ಲ ಕಾಟನ್ನೇ ಒಳ್ಳೆಯದು ಅಂತ ಹೇಳಿಕೊಂಡು ಬಂದ ನಮಗೆ ಇದು ಒಪ್ಪುವುದು ಕಷ್ಟ. ಆದರೆ ಹಿಂದೆ ಗದ್ದೆ ನಾಟಿಗೆ ಹೋಗುತ್ತಿದ್ದವರು ತಲೆ ಮೇಲೆ ಹಾಕಿಕೊಂಡಿದ್ದು ಕಂಬಳಿ ಕೊಪ್ಪೆ, ಪಂಚೆ ಅಲ್ಲ. ಕಾರಣ ಇದೇ.

ಅದರ ಮೇಲೆ ಬೆಚ್ಚಗಿಡುವುದು. ತೆಳು ಉಣ್ಣೆ ಸ್ವೆಟರ್ ಅಥವಾ ಫ್ಲೀಸ್, ಅಂದರೆ ಮೆತ್ತನೆಯ ಸಿಂಥೆಟಿಕ್ ಬಟ್ಟೆಯ ಹಗುರ ಜಾಕೆಟ್. ಮುಂದೆ ಜಿಪ್ ಇರುವುದನ್ನೇ ತೆಗೆದುಕೊಳ್ಳಿ. ತಲೆಯ ಮೇಲಿಂದ ಎಳೆದು ತೆಗೆಯುವ ಸ್ವೆಟರ್ ದಿನಕ್ಕೆ ಹತ್ತು ಸಲ ಹಾಕಿ ತೆಗೆದರೆ ಜಡೆ, ಕನ್ನಡಕ, ಸಿಟ್ಟು ಎಲ್ಲ ಕೆದರುತ್ತದೆ. ಹತ್ತು ಸಲ ಅಂದಿದ್ದು ಸುಮ್ನೆ ಅಲ್ಲ. ಹಡಗಿನ ಒಳಗೆ ಬೆಚ್ಚಗಿರುತ್ತದೆ. ಬಾಗಿಲು ತಳ್ಳಿ ಡೆಕ್ಕಿಗೆ ಬಂದರೆ ಗಾಳಿ. “ತಿಮಿಂಗಿಲ!” ಅಂತ ಯಾರೋ ಕೂಗಿದರೆ ಎಲ್ಲರೂ ಹೊರಗೆ, ಐದು ನಿಮಿಷ ಬಿಟ್ಟು ಎಲ್ಲರೂ ಕಾಫಿಗೆ ಒಳಗೆ.

ಮೇಲಿನದು ಮಳೆ, ಗಾಳಿ ತಡೆಯುವ ಜಾಕೆಟ್. ಬೆಚ್ಚಗಿರುವುದು ಇದರ ಕೆಲಸವೇ ಅಲ್ಲ. ತೆಳ್ಳಗೆ ಇರಲಿ, ಟೋಪಿ ಇರಲಿ, ಟೋಪಿಗೆ ಎಳೆದು ಕಟ್ಟುವ ದಾರ ಇರಲಿ. ಒಳಗೆ ಸ್ವೆಟರ್ ಹಾಕಿದರೂ ಕೈ ಮೇಲೆತ್ತಲು ಬರುವಂತೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ. ಅಂಗಡಿಯಲ್ಲಿ ‘ವಾಟರ್ ರೆಸಿಸ್ಟೆಂಟ್’ ಅಂತ ಬರೆದಿದ್ದನ್ನು ತೋರಿಸಿ ‘ವಾಟರ್‌ಪ್ರೂಫ್’ ಅಂತ ಹೇಳುತ್ತಾರೆ. ಎರಡೂ ಒಂದಲ್ಲ. ಮೊದಲಿನದು ತುಂತುರು ತಡೆಯುತ್ತದೆ, ಅಷ್ಟೇ. ಜಾಕೆಟ್ ಒಳಮಗುಚಿ ನೋಡಿ. ಹೊಲಿಗೆಯ ಮೇಲೆ ಉದ್ದಕ್ಕೂ ಟೇಪ್ ಅಂಟಿಸಿದ್ದರೆ ಅದು ಮಳೆಗೆ ಆಗುವ ಜಾಕೆಟ್. ನನ್ನ ಜರ್ಕಿನ್ನಿಗೆ ಟೇಪ್ ಇರಲಿಲ್ಲ. ನಾನು ನೋಡಿಯೂ ಇರಲಿಲ್ಲ.

ಕೊಡೆ? ಬೇಡ. ನಾವು ಹೋದ ದಿನ ಜೂನೋದ ಕಸದ ಬುಟ್ಟಿಗಳಲ್ಲಿ ತಲೆಕೆಳಗಾದ ಕೊಡೆಗಳನ್ನು ನೋಡಿದೆ. ಎಲ್ಲ ನಮ್ಮಂಥ ಪ್ರವಾಸಿಗಳವೇ ಇರಬೇಕು.

ಮನೆಯಲ್ಲೇ ಮೂರು ಪರೀಕ್ಷೆ

ಬೇರೆ ಊರಿನವರಿಗೆ ಇಲ್ಲದ ಅನುಕೂಲ ನಮಗಿದೆ. ಅಲಾಸ್ಕಾದ ಹವೆಯ ಮುಕ್ಕಾಲು ಪಾಲು ನಮ್ಮ ಮನೆ ಬಾಗಿಲಲ್ಲೇ ಸಿಗುತ್ತದೆ. ಬಿಲ್ ಹರಿದು ಬಿಸಾಕುವ ಮುಂಚೆ ಈ ಮೂರು ಪರೀಕ್ಷೆ ಮಾಡಿ.

ಮೊದಲನೆಯದು ಮಳೆಯದು. ಜಾಕೆಟ್ಟಿನ ಒಳಜೇಬಿನಲ್ಲಿ ಒಂದು ತುಂಡು ಪೇಪರ್ ಮಡಿಸಿ ಇಡಿ. ಭುಜದ ಹತ್ತಿರ, ಒಳಗಡೆ, ಇನ್ನೊಂದು ತುಂಡನ್ನು ಪಿನ್ ಮಾಡಿ. ಪಿನ್ನನ್ನು ಒಳ ಅಂಗಿಗೆ ಹಾಕಿ, ಜಾಕೆಟ್ಟಿಗೆ ಹಾಕಿದರೆ ತೂತಾಗುತ್ತದೆ. ಮಳೆ ಇದ್ದರೆ ಅಂಗಳದಲ್ಲಿ ಕಾಲು ಗಂಟೆ ಓಡಾಡಿ. ಮಳೆ ಇಲ್ಲದಿದ್ದರೆ ಬಚ್ಚಲುಮನೆಯ ಶವರ್ ಕೆಳಗೆ ನಿಂತುಕೊಳ್ಳಿ. ಮನೆಯವರು ನಗುತ್ತಾರೆ, ನಗಲಿ. ಪೇಪರ್ ಒದ್ದೆಯಾಗಿದ್ದರೆ ಜಾಕೆಟ್ ವಾಪಸ್.

ಎರಡನೆಯದು ಗಾಳಿಯದು. ಹಡಗು ಸುಮಾರು 20 ನಾಟ್ ವೇಗದಲ್ಲಿ ಹೋಗುತ್ತಿದ್ದರೆ ಅದು ಗಂಟೆಗೆ 37 ಕಿಲೋಮೀಟರ್. ಎದುರು ಗಾಳಿ ಇಲ್ಲದಿದ್ದರೂ ಡೆಕ್ಕಿನಲ್ಲಿ ನಿಂತವರ ಮುಖಕ್ಕೆ ಅಷ್ಟು ಗಾಳಿ ಬಡಿಯುತ್ತದೆ. 10 ಡಿಗ್ರಿ ಇರುವಾಗ ಆ ಗಾಳಿಯಲ್ಲಿ ನಿಂತರೆ ಮೈಗೆ 6 ಡಿಗ್ರಿ ಅನ್ನಿಸುತ್ತದೆ. ಇದನ್ನು ನೋಡಲು ಬೈಕ್ ಸಾಕು. ಥರ್ಮಲ್, ಸ್ವೆಟರ್, ಜಾಕೆಟ್ ಹಾಕಿಕೊಂಡು ಚಳಿಗಾಲದ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಕುಳಿತು ನಮ್ಮೂರ ಹತ್ತಿರದ ಕೈಮರದಿಂದ ಮುಳ್ಳಯ್ಯನಗಿರಿಯ ಕಡೆ ಹೋಗಿ ಬನ್ನಿ. ವೇಗ ನಲವತ್ತು ದಾಟಬೇಕಿಲ್ಲ. ಎಲ್ಲಿ ಚಳಿ ನುಗ್ಗುತ್ತದೆ ಅಂತ ಮೈಯೇ ಹೇಳುತ್ತದೆ. ನನಗೆ ಕತ್ತಿನಿಂದ, ಮಣಿಕಟ್ಟಿನಿಂದ, ಸಾಕ್ಸ್ ಮತ್ತು ಪ್ಯಾಂಟಿನ ನಡುವಿನ ಎರಡು ಬೆರಳು ಜಾಗದಿಂದ ನುಗ್ಗಿತು. ಇದನ್ನು ಪ್ರವಾಸ ಮುಗಿಸಿ ಬಂದ ಮೇಲೆ ಮಾಡಿದೆ ಅನ್ನುವುದು ಬೇರೆ ಮಾತು.

ಮೂರನೆಯದು ಒಣಗಿಸುವುದು. ಆಷಾಢದಲ್ಲಿ ಬಟ್ಟೆ ಒಣಗಿಸುವ ಗೋಳು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಜಗಲಿ ತುಂಬ ಹಗ್ಗ, ಬಚ್ಚಲ ಒಲೆಯ ಮೇಲೆ ಸಾಕ್ಸ್, ಒಲೆ ಹೊಗೆಯ ವಾಸನೆಯ ಯೂನಿಫಾರ್ಮು. ಆ ಅನುಭವವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ತೆಗೆದುಕೊಂಡು ಹೋಗಬೇಕು ಅಂದುಕೊಂಡ ಬಟ್ಟೆಗಳನ್ನೆಲ್ಲ ರಾತ್ರಿ ಒಗೆದು, ಹಿಂಡಿ, ಜಗಲಿಯಲ್ಲಿ ಹರವಿ. ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಒಂದೊಂದನ್ನೇ ಮುಟ್ಟಿ ನೋಡಿ. ತೆಳು ಪಾಲಿಯೆಸ್ಟರ್ ಒಣಗಿರುತ್ತದೆ. ಸ್ವೆಟರಿನ ತೋಳು ಸ್ವಲ್ಪ ಹಸಿ ಇರಬಹುದು. ಜೀನ್ಸ್ ಹಾಗೇ ನೀರು ತೊಟ್ಟಿಕ್ಕುತ್ತಿರುತ್ತದೆ. ಅದನ್ನು ಮನೆಯಲ್ಲೇ ಬಿಡಿ. ತೀರಾ ಬೇಕಾದರೆ ಒಂದು, ಹಡಗಿನ ಒಳಗೆ ಹಾಕಿಕೊಳ್ಳಲು.

ಇನ್ನೊಂದು ಮಾತು. ಜೂನ್, ಜುಲೈಗೆ ಹೊರಡುವವರು ಉಣ್ಣೆ ಬಟ್ಟೆಯನ್ನೆಲ್ಲ ಮೇ ತಿಂಗಳ ಬಿಸಿಲಲ್ಲೇ ಒಗೆದು ಒಣಗಿಸಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಆರಿದ್ರಾ ಮಳೆ ಹಿಡಿದ ಮೇಲೆ ಬೀರುವಿನಿಂದ ತೆಗೆದರೆ ಮುಗ್ಗಲು ವಾಸನೆ ಸಮುದ್ರ ದಾಟಿ ಬರುತ್ತದೆ. ನನ್ನ ಓರಗಿತ್ತಿಯ ಶಾಲು ಬಂದಿತ್ತು.

ಕಾಲು, ಕೈ, ತಲೆ

ಶೂ ಎರಡು ಜೊತೆ ಸಾಕು. ಒಂದು ನೀರು ಹಿಡಿಯದ ನಡೆಯುವ ಶೂ, ಅಡಿ ಹಿಡಿತ ಚೆನ್ನಾಗಿರುವುದು. ಹೊಸದನ್ನು ನೇರ ಹಡಗಿಗೆ ಒಯ್ಯಬೇಡಿ, ತಿಂಗಳು ಮುಂಚೆಯಿಂದ ಹಾಕಿ ಪಳಗಿಸಿ. ಇನ್ನೊಂದು ಒಳಗೆ ಓಡಾಡಲು, ಊಟಕ್ಕೆ ಹೋಗಲು. ತೋಟದ ಗಮ್‌ಬೂಟ್ ತರಲೋ ಅಂತ ಮನೆಯವರು ಕೇಳಿದಾಗ ಮಗಳು ಫೋನಿನಲ್ಲೇ ನಕ್ಕಿದ್ದಳು. ಕೆಚಿಕನ್‌ನಲ್ಲಿ ನೋಡಿದರೆ ಊರಿನವರೆಲ್ಲ ಕಂದು ಬಣ್ಣದ ರಬ್ಬರ್ ಬೂಟು ಹಾಕಿಕೊಂಡೇ ಅಂಗಡಿಗೆ ಬರುತ್ತಾರೆ. “ನೋಡಿದ್ಯಾ ಪುಟ್ಟಿ?” ಅಂತ ಅವರು ನಾಲ್ಕು ಸಲ ಹೇಳಿದರು. ಆದರೂ ಹೇಳುತ್ತೇನೆ, ಗಮ್‌ಬೂಟ್ ಭಾರ, ಪೆಟ್ಟಿಗೆಯಲ್ಲಿ ಅರ್ಧ ಜಾಗ ತಿನ್ನುತ್ತದೆ. ಹಿಮನದಿಯ ಮೇಲೆ ಹೆಲಿಕಾಪ್ಟರಿನಲ್ಲಿ ಇಳಿಸುವ ಪ್ರವಾಸ ತೆಗೆದುಕೊಂಡರೆ ಅದಕ್ಕೆ ಬೇಕಾದ ಬೂಟು ಅವರೇ ಕೊಡುತ್ತಾರೆ.

ಸಾಕ್ಸ್ ಉಣ್ಣೆಯದು ಮೂರು ಜೊತೆ, ತೆಳ್ಳಗಿನದು ಮೂರು. ಒಂದು ಜೊತೆ ಯಾವಾಗಲೂ ಕೈಚೀಲದಲ್ಲಿರಲಿ. ತಿಮಿಂಗಿಲ ನೋಡಲು ಸಣ್ಣ ದೋಣಿಯಲ್ಲಿ ಹೋದಾಗ ಕಾಲು ನೆನೆದರೆ ಎರಡು ಮೂರು ಗಂಟೆ ಹಾಗೇ ಕೂರಬೇಕು.

ಗ್ಲೌಸ್ ತೆಳ್ಳಗಿನದು ಸಾಕು, ಫೋನಿನ ಪರದೆ ಮುಟ್ಟಿದರೆ ಕೆಲಸ ಮಾಡುವಂಥದ್ದು. ದಪ್ಪ ಗ್ಲೌಸ್ ಹಾಕಿದವರು ಫೋಟೋ ತೆಗೆಯಲು ಬಿಚ್ಚುತ್ತಾರೆ, ಬಿಚ್ಚಿದ್ದನ್ನು ಕಂಕುಳಲ್ಲಿ ಇಡುತ್ತಾರೆ, ಅದು ಸಮುದ್ರಕ್ಕೆ ಹೋಗುತ್ತದೆ.

ತಲೆಗೆ ಏನು ಅನ್ನುವುದರಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಮಂಕಿ ಕ್ಯಾಪ್. ಹೌದು, ಅದೇ. ನಮ್ಮ ಎಂ.ಜಿ. ರಸ್ತೆಯಲ್ಲಿ ಚಳಿಗಾಲಕ್ಕೆ ನೇತುಹಾಕುವ ಮಂಕಿ ಕ್ಯಾಪ್. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಅಳಿಯ ಮೆತ್ತಗೆ ಹೇಳಿದರು. ಅವರ ಚೆಂದದ ಕ್ಯಾಪು ಎರಡನೇ ದಿನವೇ ಹಾರಿಹೋಯಿತು. ಮಂಕಿ ಕ್ಯಾಪು ಕಿವಿ, ಗಲ್ಲ, ಕತ್ತು ಎಲ್ಲ ಒಂದೇ ಸಲ ಮುಚ್ಚುತ್ತದೆ, ಗಾಳಿ ಕಿತ್ತುಕೊಳ್ಳಲ್ಲ. ಬೇಡ ಅನ್ನಿಸಿದರೆ ಕಿವಿ ಮುಚ್ಚುವ ಉಣ್ಣೆ ಟೋಪಿ ಮತ್ತು ಸ್ಕಾರ್ಫ್. ಉದ್ದ ಮಫ್ಲರ್ ಬೇಡ, ಗಾಳಿಗೆ ಪಕ್ಕದವರ ಮುಖಕ್ಕೆ ಹೊಡೆಯುತ್ತದೆ.

ಬಿಸಿಲು ಕನ್ನಡಕ, ಸನ್‌ಸ್ಕ್ರೀನ್ ಬೇಕೇ ಬೇಕು. ನೀರು, ಮಂಜುಗಡ್ಡೆ ಎರಡರಿಂದಲೂ ಬೆಳಕು ಹೊಡೆಯುತ್ತದೆ. ಚರ್ಮಕ್ಕೆ ಕೊಬ್ಬರಿ ಎಣ್ಣೆ ಒಯ್ಯುವವರಿಗೆ ಒಂದು ಮಾತು. 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗುತ್ತದೆ. ಬಾಟಲಿ ಬೇಡ, ಬೆರಳು ಹಾಕಿ ತೆಗೆಯುವ ಡಬ್ಬಿ ಒಯ್ಯಿರಿ. ಇನ್ನು, ಜೂನ್‌ನಲ್ಲಿ ಜೂನೋದಲ್ಲಿ 18 ಗಂಟೆ ಹಗಲು. ರಾತ್ರಿ ಹತ್ತಕ್ಕೂ ಬೆಳಕು. ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ ಇದ್ದರೆ ನಿದ್ದೆ ಬರುತ್ತದೆ.

ಸೀರೆ ಬಿಡಲಾರದವರಿಗೆ

ನನ್ನ ಓರಗಿತ್ತಿ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. “ಅಕ್ಕ, ನಾನು ಆ ಪ್ಯಾಂಟು ಹಾಕಲ್ಲ” ಅಂತ ಮೊದಲೇ ಹೇಳಿಬಿಟ್ಟಿದ್ದಳು. ಮೊದಲ ದಿನ ಡೆಕ್ಕಿಗೆ ಬಂದಳು. ನೆರಿಗೆ ಒಂದು ಕಡೆ, ಸೆರಗು ಒಂದು ಕಡೆ. ಮೈದುನ ಸೆರಗು ಹಿಡಿದುಕೊಂಡು ಹಿಂದೆ ನಿಂತಿದ್ದ, ಗಾಳಿಪಟ ಬಿಡುವವನ ಹಾಗೆ. ಎರಡನೇ ದಿನ ದಾರಿ ಕಂಡುಕೊಂಡಳು. ಲಂಗದ ಒಳಗೆ ಥರ್ಮಲ್ ಪ್ಯಾಂಟು, ಉಣ್ಣೆ ಸಾಕ್ಸ್, ಶೂ. ಸಿಂಥೆಟಿಕ್ ಸೀರೆ, ಮೂರು ಇಂಚು ಎತ್ತರಕ್ಕೆ ಉಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಮೊಣಕಾಲವರೆಗೆ ಬರುವ ರೈನ್‌ಕೋಟ್. ನಾಟಿ ಗದ್ದೆಗೆ ಹೊರಟ ಹಾಗೆ ಕಾಣುತ್ತಿದ್ದಳು, ನಮ್ಮೆಲ್ಲರಿಗಿಂತ ಬೆಚ್ಚಗಿದ್ದಳು.

ಆದರೆ ಸಣ್ಣ ದೋಣಿ ಹತ್ತುವುದಿದ್ದರೆ, ಜೂನೋದ ಮೆಂಡೆನ್‌ಹಾಲ್ ಹಿಮನದಿಯ ಹತ್ತಿರ ಕಾಲುದಾರಿಯಲ್ಲಿ ನಡೆಯುವುದಿದ್ದರೆ ಚೂಡಿದಾರವೇ ವಾಸಿ. ಆ ದಿನ ಅವಳೂ ಹಾಕಿದಳು. ಫೋಟೋ ಮಾತ್ರ ತೆಗೆಯಬೇಡಿ ಅಂದಳು. ಚೂಡಿದಾರದ ಪ್ಯಾಂಟು ಕಾಲಿಗೆ ಅಂಟುವಂತಿರಲಿ, ಅಗಲ ಪಲಾಝೋ ನೆಲದ ನೀರನ್ನೆಲ್ಲ ಹೀರುತ್ತದೆ. ದುಪಟ್ಟಾ ಬಿಡಿ.

ಹಡಗಿನಲ್ಲಿ ಒಂದೆರಡು ರಾತ್ರಿ ಎಲ್ಲರೂ ಚೆನ್ನಾಗಿ ಉಟ್ಟು ಊಟಕ್ಕೆ ಬರುತ್ತಾರೆ. ಅದಕ್ಕೆ ಸೂಟ್ ಹೊಲಿಸಬೇಕಿಲ್ಲ. ಗಂಡಸರಿಗೆ ಇಸ್ತ್ರಿ ಮಾಡಿದ ಶರ್ಟು ಪ್ಯಾಂಟು ಅಥವಾ ಜುಬ್ಬಾ, ಹೆಂಗಸರಿಗೆ ಒಂದು ರೇಷ್ಮೆ ಸೀರೆ. ರೇಷ್ಮೆ ಸೀರೆ ಮಡಿಸಿದರೆ ಒಂದು ಪುಸ್ತಕದಷ್ಟು, ಬೆಚ್ಚಗೂ ಇರುತ್ತದೆ. ಆ ರಾತ್ರಿ ಎಷ್ಟು ಜನ ಬಂದು ಓರಗಿತ್ತಿಯ ಜೊತೆ ಫೋಟೋ ತೆಗೆಸಿಕೊಂಡರು ಅಂತ ಈಗಲೂ ಲೆಕ್ಕ ಹೇಳುತ್ತಾಳೆ. ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಹಡಗಿನವರು ಬಿಡುವುದಿಲ್ಲ, ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಎಷ್ಟು ಒಯ್ಯಬೇಕು

ಏಳು ರಾತ್ರಿಗೆ ಒಬ್ಬರಿಗೆ ನನ್ನ ಲೆಕ್ಕ ಇದು. ಥರ್ಮಲ್ ಎರಡು ಜೊತೆ. ಪೂರ್ಣ ತೋಳಿನ ತೆಳು ಟಾಪ್ ಅಥವಾ ಶರ್ಟು ನಾಲ್ಕು. ಫ್ಲೀಸ್ ಒಂದು, ಸ್ವೆಟರ್ ಒಂದು. ಮಳೆ ಜಾಕೆಟ್ ಒಂದು, ಮಳೆ ಪ್ಯಾಂಟು ಒಂದು. ಬೇಗ ಒಣಗುವ ಪ್ಯಾಂಟು ಮೂರು. ಅರ್ಧ ತೋಳಿನದು ಎರಡು, ಯಾಕೆಂದರೆ ಕೆಲವು ದಿನ 25 ದಾಟಿ ಬಿಸಿಲು ಕಾಯುವುದೂ ಇದೆ. ಊಟದ ಬಟ್ಟೆ ಒಂದು ಜೊತೆ, ರಾತ್ರಿಯದು ಒಂದು. ಒಳಬಟ್ಟೆ ಎಂಟು. ಬಿಸಿನೀರಿನ ಕೊಳಕ್ಕೆ ಇಳಿಯುವವರಿಗೆ ಈಜುಡುಗೆ.

ಇದಕ್ಕಿಂತ ಜಾಸ್ತಿ ಬೇಡ. ಬಚ್ಚಲಲ್ಲಿ ಒಗೆದು ಹರವಿದರೆ ಕ್ಯಾಬಿನ್ನಿನ ಒಣ ಗಾಳಿಗೆ ತೆಳು ಬಟ್ಟೆ ರಾತ್ರಿಯಲ್ಲೇ ಒಣಗುತ್ತದೆ. ಶವರ್ ಹತ್ತಿರ ಎಳೆದು ಕಟ್ಟುವ ಒಂದು ದಾರ ಹೆಚ್ಚಿನ ಹಡಗುಗಳಲ್ಲಿ ಇರುತ್ತದೆ. ಇನ್ನೊಂದು ಗುಟ್ಟು, ಕ್ಯಾಬಿನ್ನಿನ ಗೋಡೆ ಬಹುಪಾಲು ಕಬ್ಬಿಣದ್ದು. ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಒದ್ದೆ ಜಾಕೆಟ್, ಟೋಪಿ ಎಲ್ಲ ನೇತುಹಾಕಬಹುದು.

ತೂಕಕ್ಕೆ ನಾವು ಕಾಫಿ ಹಣ್ಣು ತೂಗುವ ತಕ್ಕಡಿ ಬಳಸಿದೆವು. ಕಣದಲ್ಲಿ ಸೂಟ್‌ಕೇಸು ನೇತುಹಾಕಿದಾಗ ತೋಟದ ಲೆಕ್ಕ ಬರೆಯುವ ರೈಟರು ಬಂದು “ಅಮ್ಮ, ಇದು ಯಾವ ಬ್ಲಾಕಿಂದು?” ಅಂತ ಕೇಳಿದರು. ಟಿಕೆಟ್ಟಿನಲ್ಲಿ ಎಷ್ಟು ಕಿಲೋ ಅಂತ ಪ್ರತಿಯೊಂದು ವಿಮಾನಕ್ಕೂ ಬೇರೆ ಬೇರೆ ನೋಡಿ. ಭಾರದ ಶೂ, ಫ್ಲೀಸ್, ಜಾಕೆಟ್ ಮೈಮೇಲೆ ಹಾಕಿಕೊಂಡೇ ವಿಮಾನ ಹತ್ತಿ. ಎರಡು ಕಿಲೋ ಅಲ್ಲೇ ಉಳಿಯುತ್ತದೆ.

ಹಿಮನದಿಯ ದಿನ

ಇಡೀ ಪ್ರವಾಸದಲ್ಲಿ ಎಲ್ಲ ಬಟ್ಟೆಯನ್ನೂ ಒಟ್ಟಿಗೆ ಹಾಕುವ ದಿನ ಇದೊಂದೇ. ನಮ್ಮ ಹಡಗು ಹೋಗಿದ್ದು ಗ್ಲೇಸಿಯರ್ ಬೇ ಎಂಬ ಕೊಲ್ಲಿಗೆ, ಈಗದು ರಾಷ್ಟ್ರೀಯ ಉದ್ಯಾನ. 1794ರಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ಎಂಬ ಇಂಗ್ಲಿಷ್ ನಾವಿಕನ ತಂಡದವರು ಆ ಕಡೆ ಬಂದಾಗ ಅಲ್ಲಿ ಕೊಲ್ಲಿ ಅನ್ನುವಷ್ಟು ಏನೂ ಇರಲಿಲ್ಲವಂತೆ, ಎದುರಿಗೆ ಮಂಜುಗಡ್ಡೆಯ ಗೋಡೆ. ಆಮೇಲೆ ಅದು ಕರಗಿ ನೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಈಗ ಹಡಗು ಆ ದಾರಿಯಲ್ಲೇ ಒಳಗೆ ಹೋಗುತ್ತದೆ. ಎಲ್ಲೂ ಇಳಿಸುವುದಿಲ್ಲ. ಉದ್ಯಾನದ ರೇಂಜರ್‌ಗಳು ಹಡಗಿಗೇ ಬಂದು ಮೈಕಿನಲ್ಲಿ ವಿವರಿಸುತ್ತಾರೆ. ನೋಡಬೇಕಾದರೆ ಡೆಕ್ಕಿನಲ್ಲೇ ಗಂಟೆಗಟ್ಟಲೆ ನಿಲ್ಲಬೇಕು.

ಅಲ್ಲಿಯ ಚಳಿ ಬೇರೆ ತರಹದ್ದು. ಮಂಜುಗಡ್ಡೆಯ ಮೇಲೆ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ನೀರಿನ ಮೇಲೆ ಬರುತ್ತದೆ. ಬಿಸಿಲು ಇರುತ್ತದೆ, ಮುಖ ಮರಗಟ್ಟುತ್ತದೆ. ಹಾಗಾಗಿ ಬೆಳಿಗ್ಗೆ ತಿಂಡಿಗೆ ಹೋಗುವಾಗಲೇ ಥರ್ಮಲ್ ಹಾಕಿಕೊಂಡಿರಿ. ಶರ್ಟು, ಫ್ಲೀಸ್, ಅದರ ಮೇಲೆ ಸ್ವೆಟರ್, ಕೊನೆಗೆ ಜಾಕೆಟ್. ಕೆಳಗೆ ಪ್ಯಾಂಟಿನ ಮೇಲೆ ಮಳೆ ಪ್ಯಾಂಟು. ಮಳೆ ಇಲ್ಲದಿದ್ದರೂ ಹಾಕಿ, ಗಾಳಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಹಿಮನದಿ ಬಂದ ಮೇಲೆ ಕ್ಯಾಬಿನ್ನಿಗೆ ಓಡಿದರೆ ಲಿಫ್ಟಿಗೆ ಕಾಯುವುದರಲ್ಲೇ ಆಟ ಮುಗಿದಿರುತ್ತದೆ. ಹಾಗೇ ಆಯಿತು ನನಗೆ. ಗ್ಲೌಸ್ ತರಲು ಹೋದೆ. ಲಿಫ್ಟಿನಲ್ಲಿದ್ದಾಗ ದೂರದ ಗುಡುಗಿನಂಥ ಸದ್ದು ಕೇಳಿತು. ಬಂದು ನೋಡಿದರೆ ನೀಲಿ ಗೋಡೆಯ ಒಂದು ತುಂಡು ನೀರಿಗೆ ಬಿದ್ದು ಅಲೆ ಏಳುತ್ತಿತ್ತು. ಬೀಳುವುದನ್ನು ಎಲ್ಲರೂ ನೋಡಿದ್ದರು, ನನ್ನೊಬ್ಬಳನ್ನು ಬಿಟ್ಟು.

ಸ್ಕ್ಯಾಗ್ವೇಯಲ್ಲಿ ವೈಟ್ ಪಾಸ್ ರೈಲು ಹತ್ತುವವರಿಗೆ ಇಷ್ಟು ಬೇಕಿಲ್ಲ. ಚಿನ್ನದ ಹುಚ್ಚು ಹತ್ತಿದ್ದ ಕಾಲದಲ್ಲಿ, 1898ರಲ್ಲಿ ಹಾಕಲು ಶುರು ಮಾಡಿದ ಹಳಿ ಅದು. ಘಟ್ಟದ ತುದಿ 873 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅದರ ಅರ್ಧವೂ ಇಲ್ಲ. ಆದರೂ ಉತ್ತರ ದೇಶವಲ್ವಾ, ಬೇಸಿಗೆಯ ಶುರುವಿನಲ್ಲಿ ಹಳಿ ಪಕ್ಕ ಹಿಮ ಇರುತ್ತದೆ. ಬೋಗಿಯ ಒಳಗೆ ಬೆಚ್ಚಗಿರುತ್ತದೆ, ಹೊರಗಿನ ಕಟ್ಟೆಯಲ್ಲಿ ನಿಂತು ಫೋಟೋ ತೆಗೆಯುವಾಗ ಜಾಕೆಟ್, ಟೋಪಿ ಸಾಕು.

ಹತ್ತುವ ದಿನ, ಇಳಿಯುವ ಹಿಂದಿನ ರಾತ್ರಿ

ಹಡಗು ಹತ್ತುವಾಗ ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ. ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆ. ಅಲ್ಲಿಯವರೆಗೆ ಬೇಕಾದದ್ದೆಲ್ಲ ಬೆನ್ನಿನ ಚೀಲದಲ್ಲಿರಲಿ. ಮಾತ್ರೆ, ಪಾಸ್‌ಪೋರ್ಟ್, ಮಳೆ ಜಾಕೆಟ್, ಒಂದು ಸ್ವೆಟರ್. ಹಡಗು ಹೊರಡುವಾಗ ಎಲ್ಲರೂ ಮೇಲಿನ ಡೆಕ್ಕಿಗೆ ಹೋಗುತ್ತಾರೆ, ಮೊದಲ ಚಳಿ ಹಿಡಿಯುವುದೇ ಅಲ್ಲಿ. ಬಟ್ಟೆಯ ಮಾತಲ್ಲದಿದ್ದರೂ ಒಂದು ಹೇಳಿಬಿಡುತ್ತೇನೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗೂ ಕೆನಡಾದ ವಿಕ್ಟೋರಿಯಾದಂಥ ಊರನ್ನು ಮುಟ್ಟಿಯೇ ಬರುತ್ತದೆ. ಹೊರದೇಶದ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಜನರನ್ನು ಸಾಗಿಸುವಂತಿಲ್ಲ ಅಂತ 1886ರ ಒಂದು ಕಾನೂನಿದೆ. ಹಾಗಾಗಿ ನಮ್ಮ ಪಾಸ್‌ಪೋರ್ಟಿನವರಿಗೆ ಅಮೆರಿಕದ ವೀಸಾ ಜೊತೆ ಕೆನಡಾದ್ದೂ ಬೇಕು. ಬಟ್ಟೆ ಕೊಳ್ಳುವ ಮುಂಚೆ ಅದನ್ನು ನೋಡಿಕೊಳ್ಳಿ.

ಇಳಿಯುವ ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕಟ್ಟಿ ಕ್ಯಾಬಿನ್ನಿನ ಹೊರಗೆ ಇಡಬೇಕು. ರಾತ್ರಿಯೇ ಒಯ್ಯುತ್ತಾರೆ, ಮಾರನೇ ದಿನ ಬಂದರಿನಲ್ಲಿ ಸಿಗುತ್ತದೆ. ಪೆಟ್ಟಿಗೆ ಮುಚ್ಚುವ ಮುಂಚೆ ನಾಳೆ ಹಾಕಿಕೊಳ್ಳುವ ಬಟ್ಟೆಯನ್ನು ಪೂರ್ತಿ, ಸಾಕ್ಸ್, ಶೂ ಸಮೇತ, ಕುರ್ಚಿಯ ಮೇಲೆ ಜೋಡಿಸಿಡಿ.

ನಮ್ಮ ಮನೆಯವರು ಅವತ್ತು ಬಹಳ ಹುಮ್ಮಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಪೆಟ್ಟಿಗೆ ಕಟ್ಟಿ ಹೊರಗಿಟ್ಟು ಪಂಚೆ ಉಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ಪ್ಯಾಂಟುಗಳೆಲ್ಲ ಪೆಟ್ಟಿಗೆಯಲ್ಲಿ. ಉಳಿದಿದ್ದು ಬಾಗಿಲ ಹಿಂದೆ ಅಯಸ್ಕಾಂತದ ಕೊಕ್ಕೆಗೆ ನೇತಾಡುತ್ತಿದ್ದ ಮಳೆ ಪ್ಯಾಂಟು ಒಂದೇ. ಅದನ್ನೇ ಹಾಕಿಕೊಂಡು ಸರಬರ ಸರಬರ ಅಂತ ಸದ್ದು ಮಾಡುತ್ತಾ ಸಿಯಾಟಲ್ ಬಂದರಿನ ಸಾಲಿನಲ್ಲಿ ನಿಂತರು. ಹೊರಗೆ ಒಂದು ಹನಿ ಮಳೆ ಇರಲಿಲ್ಲ. “ಏನ್ರೀ, ಬೆವರ್ತಾ ಇದೀರಲ್ಲ?” ಅಂದೆ.